ಇಟಲಿಯ ಪರವಾಗಿ ಹೊತ್ತ ಮಣ್ಣು

ಇಟಲಿಯವರು ಅಬಿಸೀನಿಯಾಕ್ಕೆ ನುಗ್ಗಿದ ವರ್ಷ ನಮ್ಮ ಕಂಪ್ಲಿಯಲ್ಲಿ ಯಾರನ್ನು ಮಾತಾಡಿಸಿದರೂ ಅದೇ ಸುದ್ದಿ. ಆ ದೇಶ ಎಲ್ಲಿದೆ ಎಂದು ಕೇಳಿದರೆ ಅರ್ಧ ಊರು ಸಂಡೂರಿನ ಗುಡ್ಡದ ಕಡೆಗೆ ಕೈ ತೋರಿಸುತ್ತಿತ್ತು. ಆದರೆ ಅಲ್ಲಿಯ ದೊರೆಗೆ ಆದ ಅನ್ಯಾಯದ ಬಗ್ಗೆ ಪ್ರತಿಯೊಬ್ಬರಿಗೂ ಒಂದು ಗಟ್ಟಿ ಅಭಿಪ್ರಾಯವಿತ್ತು, ಅದನ್ನು ಹೇಳದೆ ಯಾರಿಗೂ ಉಂಡದ್ದು ಅರಗುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೊಸಪೇಟೆಯಿಂದ ಬಸ್ಸು ಬರುತ್ತಿತ್ತು, ಅದರಲ್ಲಿ ಪೇಪರು. ಬಸ್ಸಿನವನು ಕಟ್ಟು ಕೆಳಗೆ ಎಸೆಯುವುದೇ ತಡ, ಜನ ಮುತ್ತಿಕೊಳ್ಳುತ್ತಿದ್ದರು. ಗಟ್ಟಿಯಾಗಿ ಓದಿ ಹೇಳುವ ಕೆಲಸ ನನ್ನದು. ನನಗಾಗ ಇಪ್ಪತ್ತೊಂದು ವರ್ಷ, ಎಸ್ಸೆಸ್ಸೆಲ್ಸಿ ಪಾಸಾದವನು, ಮೇಲಾಗಿ ದೊಡ್ಡ ಗಂಟಲಿನವನು. ಅಕ್ಕಿ ಗಿರಣಿಯ ಹಮಾಲರು ಬೆನ್ನ ಮೇಲಿನ ಚೀಲ ಇಳಿಸಿ ಬಂದು ಕೇಳುತ್ತಿದ್ದರು, "ಇವತ್ತು ಎಷ್ಟು ದೂರ ಬಂದಾರ್ರೀ ಆ ಇಟಲಿ ಮಕ್ಕಳು?" ನಾನು ನಕಾಶೆ ನೋಡಿದವನ ಹಾಗೆ ಗಂಟಲು ಸರಿಪಡಿಸಿಕೊಂಡು ಏನೋ ಒಂದು ದೂರ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ಆದರೆ ಆ ದಿನಗಳ ಹುರುಪೇ ಹುರುಪು! ಬೆಳಿಗ್ಗೆ ಎದ್ದ ಕೂಡಲೇ ಬಸ್ಸು ಯಾವಾಗ ಬಂದೀತು ಎಂದು ಎದೆ ಹಾರುತ್ತಿತ್ತು.

ಈ ಗದ್ದಲ ನೋಡಿ ನಮ್ಮ ನಿವೃತ್ತ ಹೆಡ್ ಮಾಸ್ತರರು ಒಂದು ಸಭೆ ಗೊತ್ತುಮಾಡಿದರು. ಭಾನುವಾರ ಮೂರು ಗಂಟೆಗೆ ಮಠದ ಅಂಗಳದಲ್ಲಿ ಚರ್ಚೆ. ವಿಷಯ: ಇಟಲಿ ದಂಡೆತ್ತಿ ಹೋದದ್ದು ನ್ಯಾಯವೋ ಅನ್ಯಾಯವೋ. ಅಬಿಸೀನಿಯಾದ ಪರ ಮಾತಾಡಲು ಹನ್ನೊಂದು ಜನ ಕೈ ಎತ್ತಿದರು. ಇಟಲಿಯ ಪರ ಒಂದು ನರಪಿಳ್ಳೆಯೂ ಇಲ್ಲ. ಮಾಸ್ತರರು ಚೀಟಿ ಬರೆದು ತಮ್ಮ ಟೋಪಿಯೊಳಗೆ ಹಾಕಿ ಅಲುಗಾಡಿಸಿದರು. ನಾನು ಕೈ ಹಾಕಿ ತೆಗೆದೆ. ಇಟಲಿ! ನನ್ನ ಹಣೆಬರಹಕ್ಕೆ ಹೊಣೆ ಯಾರು? ಅಬಿಸೀನಿಯಾದ ಚೀಟಿ ಬಂದದ್ದು ಜವಳಿ ಅಂಗಡಿಯವರ ಮಗನಿಗೆ. ಹೊಸಪೇಟೆಯ ಶಾಲೆಯಲ್ಲಿ ನನ್ನ ಪಕ್ಕದಲ್ಲೇ ಕೂತು ಪ್ರತಿ ಪರೀಕ್ಷೆಯಲ್ಲೂ ನನಗಿಂತ ಒಂದೇ ಒಂದು ಮಾರ್ಕು ಹೆಚ್ಚು ತೆಗೆದ ಮಹಾನುಭಾವ ಅವನು. ಅವನ ಮುಂದೆ ಸೋಲುವುದಕ್ಕಿಂತ ತುಂಗಭದ್ರೆಗೆ ಹಾರುವುದು ವಾಸಿ ಎನಿಸಿತು.

ಇಲ್ಲಿ ನಮ್ಮ ಮನೆಯ ಸಂಗತಿ ಒಂದಿಷ್ಟು ಹೇಳಬೇಕು. ನನಗೆ ಎರಡು ವರ್ಷವಾಗಿದ್ದಾಗ ಅವ್ವ ತೀರಿಕೊಂಡಳು. ನನ್ನನ್ನು ಎತ್ತಿ ಬೆಳೆಸಿದವಳು ದೊಡ್ಡವ್ವ, ಅಂದರೆ ಅಪ್ಪನ ಅಣ್ಣನ ಹೆಂಡತಿ. ಅವಳಿಗೆ ಮಕ್ಕಳಿಲ್ಲ, ಗಂಡನೂ ಬೇಗ ಹೋದ. ಹಿಸೆಯಾದಾಗ ಅವಳ ಪಾಲಿಗೆ ಅಗಸಿಯ ಹೊರಗಿನ ಅರ್ಧ ಎಕರೆ ಬಾಳೆ ತೋಟ ಮತ್ತು ಅದರ ಅಂಚಿನಲ್ಲಿದ್ದ, ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿ ಬಂದವು. ಪಕ್ಕದ ಹೊಲ ನಮ್ಮದು. ನಾನು ಹೇಳುತ್ತಿರುವ ಚರ್ಚೆಗೆ ಎರಡು ವರ್ಷ ಮೊದಲು ಅಪ್ಪ ಆ ಬಾವಿಯ ಹೂಳು ತೆಗೆಸಿದ. ತೆಗೆದ ಹೂಳನ್ನು ಗಡಿಯ ಮೇಲೇ ಗುಡ್ಡೆ ಹಾಕಿದ. ಗುಡ್ಡೆ ಕರಗುವಷ್ಟರಲ್ಲಿ ಗಡಿಯ ಬಾಂದಗಲ್ಲು ಬಾವಿಯ ಆಚೆಗೆ ಹೋಗಿ ನಿಂತಿತ್ತು. ಬಾವಿ ನಮ್ಮದಾಯಿತು. ಅವಳ ಬಾಳೆಗೆ ನಾವು ಬಿಟ್ಟಾಗ ನೀರು, ಬಿಡದಿದ್ದಾಗ ಇಲ್ಲ.

ದೊಡ್ಡವ್ವ ಊರ ಹಿರಿಯರ ಹತ್ತಿರ ಹೋದಳು. "ನೋಡೋಣಮ್ಮಾ" ಎಂದರು. ಎರಡು ವರ್ಷ ನೋಡುತ್ತಲೇ ಇದ್ದರು. ಅಂದಿನಿಂದ ಅವಳು ನಮ್ಮ ಹೊಸ್ತಿಲು ತುಳಿಯಲಿಲ್ಲ. ದಾರಿಯಲ್ಲಿ ಸಿಕ್ಕಾಗ "ಉಂಡಿಯೇನಪ್ಪಾ?" ಎಂದು ಕೇಳುತ್ತಿದ್ದಳು, ನಾನು ತಲೆ ತಗ್ಗಿಸಿ "ಹೂಂ" ಎನ್ನುತ್ತಿದ್ದೆ. ಹಿರಿಯರ ವ್ಯವಹಾರ, ನನಗೇಕೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಹೇಡಿತನಕ್ಕೆ ಇಂಥ ಹೆಸರುಗಳು ಬಹಳ ಇವೆ.

ಚರ್ಚೆಗೆ ಮೂರು ದಿನ ಉಳಿದಿತ್ತು. ಇಟಲಿಗಾಗಿ ಏನು ಹೇಳುವುದು ಎಂದು ತಲೆ ಕೆರೆದುಕೊಂಡು ಹಳೆಯ ಪೇಪರುಗಳನ್ನೆಲ್ಲ ಹರಡಿ ಕೂತೆ. ಒಂದು ಕಡೆ ಕಣ್ಣು ನಿಂತಿತು. ಇಡೀ ಜಗಳ ಹತ್ತಿಕೊಂಡದ್ದು ಗಡಿಯ ಹತ್ತಿರದ ನೀರಿನ ಬಾವಿಗಳ ಬಳಿ ಅಂತೆ! ಬಾವಿ ನಮ್ಮದು ಅಂತ ಇವರು, ನಮ್ಮದು ಅಂತ ಅವರು, ಅಲ್ಲೇ ಗುಂಡು ಹಾರಿತಂತೆ. ಕೂತಲ್ಲಿಂದ ಜಿಗಿದು ನಿಂತೆ. ಬಾವಿಯ ತಕರಾರಿನಲ್ಲಿ ನನಗಿಂತ ಬಲ್ಲವರು ಯಾರು? ಎರಡು ವರ್ಷದಿಂದ ಊಟಕ್ಕೆ ಕೂತಾಗಲೆಲ್ಲ ಅಪ್ಪ ಅದೇ ಮಾತು ಆಡುತ್ತಿದ್ದ. ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ಅಪ್ಪನ ಮಾತಿನಲ್ಲಿ ಅಪ್ಪನನ್ನು ತೆಗೆದು ಇಟಲಿಯನ್ನು ಇಟ್ಟರೆ ಭಾಷಣ ತಯಾರು. ಇದು ಯಾರಿಗಾದರೂ ಗೊತ್ತಾದೀತು ಎಂಬ ಸಣ್ಣ ಅನುಮಾನವೂ ನನಗೆ ಬರಲಿಲ್ಲ. ಗೆಲ್ಲುವ ಹುಚ್ಚು ಹತ್ತಿದವನಿಗೆ ಕಣ್ಣು ಎಲ್ಲಿರುತ್ತದೆ?

ಭಾನುವಾರ ಮಠದ ಅಂಗಳ ತುಂಬಿ ಗೋಡೆಯ ಮೇಲೂ ಜನ ಕೂತಿದ್ದರು. ಗಾದಿಗನೂರಿನಿಂದ ಗಾಡಿ ಕಟ್ಟಿಕೊಂಡು ಬಂದವರೂ ಇದ್ದರು. ಹೆಂಗಸರು ಪಡಸಾಲೆಯ ಕಟ್ಟೆಯ ಮೇಲೆ, ಅವರ ನಡುವೆ ದೊಡ್ಡವ್ವ. ಅಪ್ಪ ಮುಂದಿನ ಸಾಲಿನಲ್ಲಿ, ಮಗನ ಭಾಷಣ ಕೇಳಲು ರೇಷ್ಮೆ ರುಮಾಲು ಸುತ್ತಿ ಬಂದಿದ್ದ. ಮಾಸ್ತರರು ಶಾಲೆಯ ಹಿತ್ತಾಳೆ ಗಂಟೆ ಬಾರಿಸಿದರು.

ಜವಳಿ ಅಂಗಡಿಯವನು ಮೊದಲು ಎದ್ದ. ಒಳ್ಳೆಯ ಮಾತೇ ಆಡಿದ, ಸುಳ್ಳೇಕೆ? "ಲೋಕದ ದೇಶಗಳೆಲ್ಲ ಕೂಡಿ ಒಂದು ಪಂಚಾಯ್ತಿ ಮಾಡಿಕೊಂಡಾವು. ಒಬ್ಬರ ಗಡಿ ಒಬ್ಬರು ದಾಟಬಾರದು ಅಂತ ಸಹಿ ಹಾಕ್ಯಾರ. ಆ ಪಂಚಾಯ್ತ್ಯಾಗ ಇಟಲಿಯೂ ಒಬ್ಬ ಹಿರಿಯ. ಬೇಲಿನ ಎದ್ದು ಹೊಲ ಮೇದ್ರ ಕಾಯೋರು ಯಾರ್ರೀ?" ಎಂದು ಕೇಳಿದಾಗ ಅಂಗಳವೆಲ್ಲ ಚಪ್ಪಾಳೆ.

ನಾನು ಎದ್ದೆ. ಅಂಗಿ ಸರಿಮಾಡಿಕೊಂಡು ಗಂಟಲು ಏರಿಸಿದೆ.

"ಮೊದಲು ಕೈ ಮಾಡಿದೋರು ಯಾರು? ಅವರ ಆಳು! ಬಾವಿ ಹತ್ರ ನಮ್ಮ ಎತ್ತಿಗೆ ಕಲ್ಲು ಒಗದ..." ಎಂದು ಹೊರಟೇಬಿಟ್ಟೆ. ಅಯ್ಯೋ, ಎತ್ತು ಎಂದೆನಲ್ಲ ಎಂದು ತಟ್ಟನೆ ಹೊಳೆದು "ನಮ್ಮ ಸಿಪಾಯಿಗೆ ಗುಂಡು ಹೊಡದ" ಎಂದು ತಿದ್ದಿಕೊಂಡೆ. ಹಮಾಲರು ನಕ್ಕರು. ಉತ್ಸಾಹದ ನಗು ಎಂದುಕೊಂಡು ನಾನು ಇನ್ನಷ್ಟು ಏರಿದೆ. "ಆ ಬಾವಿ ಹೂಳು ತುಂಬಿ ಹಾಳು ಬಿದ್ದಿತ್ತು. ಯಾರಾದರೂ ತಿರುಗಿ ನೋಡಿದ್ರೇನು? ಕೈ ಕೆಸರಾದ್ರ ಬಾಯಿ ಮೊಸರು. ದುಡದೋರು ನಾವು, ಮೊಸರು ಅವರಿಗ್ಯಾಕ? ಮತ್ತ, ಇಷ್ಟು ನೀರು ತಗೊಂಡು ಅವರು ಮಾಡೋದಾರ ಏನು? ಬೇಕಾದಾಗ ನಾವ ಬಿಡ್ತೀವಲ್ಲ! ಅವರ ಒಳ್ಳೇದಕ್ಕ ಅಲ್ಲೇನು ನಾವು ಹೋಗಿದ್ದು?"

ನಗು ಗೋಡೆಯಿಂದ ಗೋಡೆಗೆ ಹಬ್ಬಿತು. ಜನ ನನ್ನನ್ನು ಬಿಟ್ಟು ಮುಂದಿನ ಸಾಲನ್ನು ನೋಡತೊಡಗಿದ್ದರು. ಮೊದಮೊದಲು ತಲೆಯಾಡಿಸುತ್ತಿದ್ದ ಅಪ್ಪ ಈಗ ಅಲುಗಾಡದೆ ಕೂತಿದ್ದ. ಅದು ಮೆಚ್ಚುಗೆ ಎಂದೇ ನಾನು ತಿಳಿದೆ. ನನ್ನಂಥ ಕೋಣ ಬಳ್ಳಾರಿ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಲ್ಲ.

"ಸಭಿಕರು ಪ್ರಶ್ನೆ ಕೇಳಬಹುದು" ಎಂದು ಮಾಸ್ತರರು ಗಂಟೆ ಬಾರಿಸಿದರು. ಕಟ್ಟೆಯ ಮೇಲೆ ದೊಡ್ಡವ್ವ ಎದ್ದು ನಿಂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನನ್ನ ಕಡೆ ನೋಡಿದಳು.

"ಲೇ ಇಟಲಿ, ಒಂದು ಮಾತು ಕೇಳ್ತೀನಿ. ಆ ಬಾವಿ ನಿಂದು ಅಂತೀಯಲ್ಲ, ಮಣ್ಣು ಹೊರತೀಯೇನು?"

ಗಡಿಯ ಜಗಳದಲ್ಲಿ ಕಾಗದಪತ್ರ ಇಲ್ಲದಾಗ ನಮ್ಮ ಕಡೆ ನಡೆಯುತ್ತಿದ್ದ ಪದ್ಧತಿ ಅದು. ನೆಲ ತನ್ನದು ಎನ್ನುವವನು ಮೈ ತೋಯಿಸಿಕೊಂಡು, ವಿಭೂತಿ ಹಚ್ಚಿಕೊಂಡು, ಆ ನೆಲದ್ದೇ ಮಣ್ಣು ತುಂಬಿದ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಗಡಿಯ ಗುಂಟ ನಡೆಯಬೇಕು. ಅವನು ನಡೆದದ್ದೇ ಗಡಿ. ಸುಳ್ಳು ಗಡಿ ನಡೆದವನ ಮನೆಯ ದೀಪ ಆರುತ್ತದೆ, ವಂಶ ಉಳಿಯುವುದಿಲ್ಲ ಎಂಬ ನಂಬಿಕೆ. ನಂಬಿಕೆ ಎಷ್ಟು ಗಟ್ಟಿ ಎಂದರೆ ಎಂಥ ಭಂಡನೂ ಬುಟ್ಟಿ ಕಂಡರೆ ಹಿಂದೆ ಸರಿಯುತ್ತಿದ್ದ.

ನಾನು ಹಿಂದೆ ಸರಿಯುವ ಕುಳವೇ? ಅಬಿಸೀನಿಯಾದ ಮಣ್ಣು ಕಂಪ್ಲಿಗೆ ಬರುವುದು ಅಷ್ಟರಲ್ಲೇ ಇತ್ತು. ಎದೆ ಸೆಟೆಸಿ ಕೂಗಿದೆ: "ಹೊರತೀನಿ! ಇಟಲಿ ಮಣ್ಣು ಹೊರತೈತಿ!"

"ಆದರೆ ಅಲ್ಲಿಯ ಮಣ್ಣು ಎಲ್ಲಿಂದ ತರೋದಮ್ಮಾ?" ಎಂದು ಮಾಸ್ತರರು ನಕ್ಕರು.

"ಯಾವ ಬಾವಿ ಮಣ್ಣಾದರೇನ್ರಿ? ನಮ್ಮ ಬಾವಿ ಅಗಸಿ ದಾಟಿದ್ರ ಕೂಗಳತಿ ದೂರ ಐತಿ" ಎಂದಳು ದೊಡ್ಡವ್ವ.

ಆಗ, ಆಗಲೇ ನನಗೆ ತಿಳಿದದ್ದು. ಊರೆಲ್ಲ ಮೊದಲಿನಿಂದಲೂ ಯಾವ ಬಾವಿಯ ಕಥೆ ಕೇಳುತ್ತಿತ್ತು, ಯಾರನ್ನು ನೋಡಿ ನಗುತ್ತಿತ್ತು ಎಂದು. ನಾನು ತೋಡಿದ ಗುಂಡಿಗೆ ನಾನೇ ಬಿದ್ದಿದ್ದೆ, ಅಪ್ಪನನ್ನೂ ಕೆಡವಿದ್ದೆ. ಆದರೆ ಸಾವಿರ ಕಿವಿಯ ಮುಂದೆ ಕೊಟ್ಟ ಮಾತು. "ನಡೀರಿ, ನಡೀರಿ!" ಎಂದು ಯಾರೋ ಕೂಗಿದರು. ಇಡೀ ಸಭೆ ಎದ್ದು ಹೊರಟಿತು. ಮಾಸ್ತರರು ಗಂಟೆಯನ್ನೂ ಹಿಡಿದುಕೊಂಡೇ ಬಂದರು.

ಬಾವಿಯ ಹತ್ತಿರ ನನ್ನ ಮೇಲೆ ಎರಡು ಕೊಡ ನೀರು ಸುರಿದರು. ಮಠದ ಅಯ್ಯನವರು ವಿಭೂತಿ ಹಚ್ಚಿದರು. ದೊಡ್ಡವ್ವನೇ ಕೂತು ಬಾವಿಯ ದಂಡೆಯ ಮಣ್ಣನ್ನು ಬುಟ್ಟಿಗೆ ತುಂಬಿದಳು. ಬುಟ್ಟಿಯನ್ನು ನನ್ನ ತಲೆಗೆ ಎತ್ತುವಾಗ ಕಿವಿಯ ಬಳಿ ಮೆಲ್ಲಗೆ ಹೇಳಿದಳು: "ಹೊರಬ್ಯಾಡ ನನ್ನಪ್ಪಾ. ಬಾವಿ ಹೋದ್ರ ಹೋಗ್ಲಿ. ನಿನಗೇನಾರ ಆದ್ರ ನಾ ಬದುಕಂಗಿಲ್ಲ."

ನನ್ನ ಕಣ್ಣು ತುಂಬಿತು. ತಲೆಯ ಮೇಲೆ ಬುಟ್ಟಿ, ಒರೆಸಿಕೊಳ್ಳಲು ಕೈಯಿಲ್ಲ. ಎದುರಿಗೆ ಎರಡು ದಾರಿ. ಬಾವಿಯ ಎಡಕ್ಕೆ ಹೋದರೆ ಹಳೆಯ ಗಡಿ, ಬಾವಿ ದೊಡ್ಡವ್ವನದು, ಅಪ್ಪ ಕಳ್ಳ ಎಂದು ಮಗನೇ ಊರ ಮುಂದೆ ಸಾರಿದಂತೆ. ಬಲಕ್ಕೆ ಹೋದರೆ ಹೊಸ ಕಲ್ಲು, ಬಾವಿ ನಮ್ಮದು, ಮತ್ತು ನಾನು ನಮ್ಮ ಮನೆಯ ಒಬ್ಬನೇ ಮಗ. ಕಾಲು ಏಳಲಿಲ್ಲ. ಹಲ್ಲು ಕಚ್ಚಿ ಒಂದು ಹೆಜ್ಜೆ ಎತ್ತಿದೆ. ಯಾವ ಕಡೆಗೆ ಇಡುತ್ತಿದ್ದೆನೋ, ದೇವರಾಣೆ ನನಗೆ ಇಂದಿಗೂ ಗೊತ್ತಿಲ್ಲ.

"ತಡಿ!"

ಬಾವಿಯ ಪಕ್ಕದ ಬೇವಿನ ಮರದ ಬುಡದಲ್ಲಿ ನಿಂತಿದ್ದ ಅಪ್ಪ ದಾಪುಗಾಲು ಹಾಕಿ ಬಂದ. ನನ್ನ ತಲೆಯ ಮೇಲಿನ ಬುಟ್ಟಿಯನ್ನು ಎರಡೂ ಕೈಯಿಂದ ಎತ್ತಿದ. ರೇಷ್ಮೆ ರುಮಾಲನ್ನು ತೆಗೆಯಲೂ ಇಲ್ಲ, ಅದರ ಮೇಲೇ ಇಟ್ಟುಕೊಂಡ. "ನೀರು ಹಾಕ್ರಲೇ ನನಗ" ಎಂದ. ಯಾರೋ ಒಂದು ಕೊಡ ಸುರಿದರು. ರುಮಾಲಿನ ಬಣ್ಣ, ಮಣ್ಣು ಎರಡೂ ಅವನ ಮುಖದ ಮೇಲೆ ಇಳಿದವು.

ನಡೆದ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಬಾವಿಯ ಹತ್ತಿರ ಬಂದು ನಿಂತ. ಅಪ್ಪಾ, ಎಡಕ್ಕ, ಎಡಕ್ಕ ಎಂದು ಒಳಗೇ ಕೂಗಿದೆ. ಅವನು ಒಂದು ಸಲ ನನ್ನ ಕಡೆ ನೋಡಿದ. ಎಡಕ್ಕೆ ತಿರುಗಿದ. ಬಾವಿಯನ್ನು ಪೂರ್ತಿ ಆಚೆಗೆ ಬಿಟ್ಟು, ಹಳೆಯ ಗಡಿಯ ಗುಂಟ ಕೊನೆಯ ತನಕ ನಡೆದು ಬುಟ್ಟಿ ಇಳಿಸಿದ.

"ಆ ಕಲ್ಲು ಕಿತ್ತು ಇಲ್ಲಿ ಹುಗೀರಿ" ಎಂದು ನಮ್ಮ ಆಳುಗಳಿಗೆ ಹೇಳಿದ.

ಹೋ ಎಂದು ಎದ್ದ ಕೂಗು ಕೋಟೆಯ ತನಕ ಕೇಳಿಸಿತಂತೆ! ಹಮಾಲರು ಟವೆಲ್ಲು ಹಾರಿಸಿದರು. ಮಾಸ್ತರರು ಗಂಟೆ ಬಾರಿಸಿ ಬಾರಿಸಿ "ಅಬಿಸೀನಿಯಾ ಗೆದ್ದಿತು!" ಎಂದು ತೀರ್ಪು ಕೊಟ್ಟರು. ಜವಳಿ ಅಂಗಡಿಯವನು ತಾನೇ ಗೆದ್ದವನಂತೆ ಮೀಸೆ ತಿರುವಿದ. ಮತ್ತೆ ಒಂದು ಮಾರ್ಕು ಹೆಚ್ಚು! ನನಗೆ ಎಳ್ಳಷ್ಟೂ ಬೇಸರವಾಗಲಿಲ್ಲ. ಸೋತು ಅಷ್ಟು ಖುಷಿಪಟ್ಟದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ. ದೊಡ್ಡವ್ವ ತನ್ನ ಸೆರಗಿನಿಂದ ಮೊದಲು ನನ್ನ ಮುಖ ಒರೆಸಿದಳು. ಆಮೇಲೆ ಅದೇ ಸೆರಗನ್ನು ಅಪ್ಪನ ಕಡೆಗೆ ಚಾಚಿದಳು.

ಮುಂದಿನ ಬೇಸಗೆಯಲ್ಲಿ ಒಂದು ದಿನ ಬಸ್ಸು ಕೆಟ್ಟ ಸುದ್ದಿ ತಂದಿತು. ಅಬಿಸೀನಿಯಾದ ರಾಜಧಾನಿ ಬಿತ್ತು, ದೊರೆ ದೇಶ ಬಿಟ್ಟು ಹೋದ. ಲೋಕದ ಪಂಚಾಯ್ತಿ ಇನ್ನೂ ನೋಡುತ್ತಲೇ ಇತ್ತು. ಪೇಪರು ಹಿಡಿದುಕೊಂಡು ದೊಡ್ಡವ್ವನ ಮನೆಗೆ ಹೋದೆ. ಅಪ್ಪ ಅಲ್ಲೇ ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತಾ ಕೂತಿದ್ದ, ಆಗ ಅದು ದಿನದ ರೂಢಿಯಾಗಿತ್ತು. ದೊಡ್ಡವ್ವ ತನ್ನ ತೋಟದ ಮೊದಲ ಗೊನೆಯಿಂದ ಎರಡು ಹಣ್ಣು ಕಿತ್ತು ನನ್ನ ಮುಂದಿಟ್ಟಳು. ಓದಿ ಹೇಳಿದೆ. ಅವಳಿಗೆ ನಂಬಿಕೆಯೇ ಬರಲಿಲ್ಲ.

"ಹಂಗಂದ್ರೇನು? ನಾವು ಗೆದ್ದಿದ್ದಿವಲ್ಲ! ಆ ಇಟಲಿಯವಗ ಮಣ್ಣು ಹೊರು ಅಂತ ಯಾರೂ ಅನ್ನಲಿಲ್ಲೇನು?"

ನಾನು ಪೇಪರಿನಲ್ಲಿ ತಲೆ ಹುದುಗಿಸಿದೆ. ಅಪ್ಪ ಅಡಿಕೆ ಕತ್ತರಿ ಕೆಳಗಿಟ್ಟ.

"ಅಂದಿರಬೇಕು ಅತ್ತಿಗಿ" ಎಂದ. "ಆದ್ರ ಅವನ ಮಗನ ತಲಿ ಮ್ಯಾಲ ಯಾರೂ ಬುಟ್ಟಿ ಇಟ್ಟಿಲ್ಲ."