ಹಳದಿ ಸೀರೆಯ ದೆವ್ವ

ಬೇಲೂರಿನ ರಂಗನಾಯಕಿಗೆ ಇದ್ದದ್ದು ಒಂದೇ ಸಂಕಟ. ಊರು ಹೆದರಬೇಕಾಗಿದ್ದದ್ದು ತನಗೆ, ಹೆದರುತ್ತಿರುವುದು ಓರಗಿತ್ತಿ ಯದುಗಿರಿಗೆ!

ಅರವತ್ತೊಂದನೇ ಇಸವಿಯಲ್ಲಿ ಸಿನಿಮಾದವರು ಹಳೇಬೀಡಿಗೆ ಬಂದಿದ್ದರು. ಒಬ್ಬ ದೆವ್ವದ ಕತೆ ಬರೆಯುತ್ತಾನೆ, ಬರೆದ ದೆವ್ವ ಕಾಗದ ಬಿಟ್ಟೆದ್ದು ಅವನ ಮನೆಗೇ ಬರುತ್ತದೆ, ಅಂಥ ಸಿನಿಮಾ! ದೆವ್ವವಾಗಿ ಬೆನ್ನು ತಿರುಗಿಸಿ ನಡೆಯಲು ಉದ್ದ ಕೂದಲಿನ ಹೆಂಗಸು ಬೇಕಿತ್ತು. ಶೂಟಿಂಗ್ ನೋಡಲು ಹೋಗಿದ್ದ ಓರಗಿತ್ತಿಯರಲ್ಲಿ ಮೊದಲು ಕೇಳಿದ್ದು ರಂಗನಾಯಕಿಯನ್ನೇ.

"ಮುತ್ತೈದೆ ಬಿಳಿ ಸೀರೆ ಉಟ್ಟು ಕೂದ್ಲು ಕೆದರ್ಕೊಂಡು ಓಡಾಡ್ಲಾ? ಬುದ್ಧಿ ನೆಟ್ಟಗಿದೆಯೇನ್ರೀ?" ಎಂದವಳೇ ಬಸ್ಸು ಹತ್ತಿದಳು. ಆ ವೇಷ ಒಪ್ಪಿಕೊಂಡ ಯದುಗಿರಿ ಸಂಜೆ ಬಂದಳು.

"ಬಿಳಿ ಅಲ್ವಂತೆ ಅಕ್ಕಾ! ಹಳದಿ ಉಟ್ರೆ ಕಪ್ಪು-ಬಿಳುಪು ಫಿಲಂನಲ್ಲಿ ಬೆಳ್ಳಗೇ ಕಾಣತ್ತಂತೆ. ನಿಮ್ಮ ಆ ಹಳದಿ ಸೀರೆ ಕೊಡ್ತೀರಾ?"

ರಂಗನಾಯಕಿ ಮುಖ ತಿರುಗಿಸಿಕೊಂಡೇ ಕೊಟ್ಟಳು.

ಸಿನಿಮಾ ಅರಸೀಕೆರೆಯ ಟೆಂಟಿನಲ್ಲಿ ವಾರವೂ ಓಡಲಿಲ್ಲ. ಪತ್ರಿಕೆಗಳು ಮೂಸಿಯೂ ನೋಡಲಿಲ್ಲ. ಆದರೆ ನೋಡಿದವರ ಎದೆ ಝಲ್ಲೆಂದಿತ್ತು! ಸಿನಿಮಾ ಬೇಲೂರಿಗೆ ಬಂದ ಮೇಲಂತೂ ಪರದೆಯ ದೆವ್ವ ಯಾವುದು, ಯದುಗಿರಿ ಯಾರು ಎಂಬುದೇ ಕಲಸಿಹೋಯಿತು. ಬಾವಿಕಟ್ಟೆಯಲ್ಲಿ ಅವಳಿಗೆ ಹಗ್ಗ ಬಿಟ್ಟು ಸರಿಯುತ್ತಿದ್ದರು. ಸೊಪ್ಪಿನ ಬಸಮ್ಮ "ತಗಳ್ಳಿ ತಾಯೀ, ಕಾಸು ಬ್ಯಾಡ" ಎಂದು ದೂರದಿಂದಲೇ ಕಂತೆ ಇಡುತ್ತಿದ್ದಳು. ಸೊಸೆಯರನ್ನು ಗದರಿಯೇ ಬೆಳಗು ಮಾಡುತ್ತಿದ್ದ ಅತ್ತೆ ಶ್ರೀರಂಗಮ್ಮನೂ ಈಗ ಯದುಗಿರಿಗೆ "ಬಾಮ್ಮಾ, ಕೂತ್ಕೋಮ್ಮಾ" ಎನ್ನುತ್ತಿದ್ದರು. ಅವಳ ಪಾಲಿನ ಬೈಗುಳವೂ ರಂಗನಾಯಕಿಗೇ!

ಒಂದು ಶುಕ್ರವಾರ ರಂಗನಾಯಕಿ ಎಣ್ಣೆನೀರು ಹಾಕಿಕೊಂಡು, ಅದೇ ಹಳದಿ ಸೀರೆ ಉಟ್ಟು, ಕೂದಲು ಇಳಿಬಿಟ್ಟು ಬಾವಿಗೆ ಹೋದಳು. ಎಲ್ಲರಿಗೂ ಬೆನ್ನು ಮಾಡಿ ನಿಧಾನವಾಗಿ ನಡೆದಳು. ಥೇಟ್ ಸಿನಿಮಾ!

"ಕೂದ್ಲು ಒಣಗಿಲ್ವಾ ರಂಗನಾಯಕಮ್ಮ? ಬಿಸಿಲಿಗೆ ನಿಂತ್ಕಳ್ಳಿ, ನೆಗಡಿಯಾಗ್ತದೆ," ಎಂದಳು ದಾರಿಯಲ್ಲಿ ಬುಟ್ಟಿ ಹೊತ್ತು ನಿಂತಿದ್ದ ಬಸಮ್ಮ.

"ಹಳದಿ ಏನು ಲಕ್ಷಣವಾಗಿದೆ ಕಣ್ರೀ ನಿಮಗೆ!" ಎಂದಳು ನೀರು ಸೇದುತ್ತಿದ್ದ ಕಾಂತಮ್ಮ.

ಹಾಳು ಬಣ್ಣ! ಪರದೆಯ ಮೇಲೆ ಬಿಳಿಚಿಕೊಂಡ ಸೀರೆ ಇಲ್ಲಿ ಚೆಂಡುಹೂವಿನ ಹಾಗೆ ಮಿನುಗುತ್ತಿತ್ತು.

ಅಷ್ಟರಲ್ಲಿ ಯದುಗಿರಿ ಬಂದಳು. ಬಿಗಿ ತುರುಬು, ಕರಿನೀಲಿ ಸೀರೆ, ಕಂಕುಳಲ್ಲಿ ಬಿಂದಿಗೆ. ಕಾಂತಮ್ಮ ಕೊಡವನ್ನೂ ಬಿಟ್ಟು ಓಡಿದಳು. ಬಸಮ್ಮ ಆಗಲೇ ಬೀದಿಯ ತಿರುವಿನಲ್ಲಿದ್ದಳು.

"ಅಕ್ಕಾ, ಸ್ವಲ್ಪ ಹಗ್ಗ ಹಿಡೀತೀರಾ?"

ರಂಗನಾಯಕಿ ಹಿಡಿದಳು.

"ನನ್ನ ಕೂದ್ಲು ನಿನ್ನದಕ್ಕಿಂತ ಒಂದು ಗೇಣು ಉದ್ದ ಕಣೇ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು.

ಕೇಳಲು ಬೀದಿಯಲ್ಲಿ ಯಾರೂ ಉಳಿದಿರಲಿಲ್ಲ.