ಪಟ್ಟಿ ಬೇಡವೆಂದ ವೇಲಾಯುಧಂ

ಕೊಯಮತ್ತೂರಿನ ಆ ಬೆನ್ನುಮೂಳೆ ಆಸ್ಪತ್ರೆಗೆ ಡಾಕ್ಟರಿಗಿಂತ ಮೊದಲೇ ಬರುವವರು ವೇಲಾಯುಧಂ. ಕುತ್ತಿಗೆಯ ಮೂಳೆಗಳನ್ನು ಬೆಸೆಯಲು ಬೇಕಾದ ಲೋಹದ ಪಟ್ಟಿ, ಸ್ಕ್ರೂ, ಮೂಳೆಗಳ ನಡುವೆ ಕೂರಿಸುವ ಪುಟ್ಟ ಪಂಜರ, ಇವನ್ನೆಲ್ಲ ಒದಗಿಸುವುದು ಅವರ ಕಸುಬು. ಅವುಗಳ ಅಳತೆ ಅವರಿಗೆ ಸ್ವಂತ ಮಕ್ಕಳ ಹೆಸರಿಗಿಂತ ಚೆನ್ನಾಗಿ ನೆನಪಿರುತ್ತದೆ. ಆದರೂ ರೋಗಿಯನ್ನು ಕಂಡು ಏನು ಕೆಲಸ, ಏನು ಊಟ, ಯಾವ ಮಗ್ಗುಲಿಗೆ ಮಲಗುವುದು ಎಂದು ವಿಚಾರಿಸದೆ ಪೆಟ್ಟಿಗೆ ತೆರೆಯುವವರಲ್ಲ. "ನೀವು ಸಾಮಾನು ಕೊಡೋಕೆ ಬಂದಿದ್ದೀರೋ, ಹೆಣ್ಣು ನೋಡೋಕೋ?" ಎಂದು ಡಾಕ್ಟರ್ ತೇನ್ಮೊಳಿ ಛೇಡಿಸುತ್ತಾರೆ. ಶಿವನ ಗುಡಿಯಲ್ಲಿ ಪದ ಹಾಡುವ ಅಂಗಯರ್ಕಣ್ಣಿಗೆ ಕುತ್ತಿಗೆಯಲ್ಲಿ ಮೂರು ಕಡೆ ಬೆಸೆಯಬೇಕಾಗಿ ಬಂದ ದಿನ ಮಾತ್ರ ಡಾಕ್ಟರ್ ಛೇಡಿಸಲಿಲ್ಲ. "ಮೂರು ಕಡೆ ಅಂದ್ಮೇಲೆ ಉದ್ದ ಪಟ್ಟಿನೇ ಗಟ್ಟಿ" ಎಂದರು. "ಗಟ್ಟಿ ಹೌದಮ್ಮಾ. ಆದ್ರೆ ಮುಂದಿರೋ ಅನ್ನನಾಳಕ್ಕೆ ಒತ್ತಿದ್ರೆ? ನುಂಗೋಕೂ ಕಷ್ಟ, ದನಿ ಎತ್ತೋಕೂ ಕಷ್ಟ. ಆಯಮ್ಮ ಹಾಡೋರು. ಮೂಳೆ ಚೆನ್ನಾಗಿದೆ, ತನ್ನೊಳಗೇ ಸ್ಕ್ರೂ ಇರೋ ಪಂಜರ ಸಾಕು, ಹಿಡಿಯುತ್ತೆ." "ನಿಮಗ್ಯಾಕೆ ಇಷ್ಟು ಹಟ?" ವೇಲಾಯುಧಂ ಅಂಗಿಯ ಕಾಲರ್ ಸರಿಸಿ ಹಳೆಯ ಗಾಯದ ಗೆರೆ ತೋರಿಸಿದರು. "ನನ್ನೊಳಗೆ ಉದ್ದ ಪಟ್ಟಿ ಇದೆ. ಹನ್ನೊಂದು ವರ್ಷದಿಂದ ಇಡ್ಲಿಯ ಒಂದೊಂದು ತುತ್ತಿಗೂ ಒಂದು ಗುಟುಕು ನೀರು ಬೇಕು." ಡಾಕ್ಟರ್ ಎಕ್ಸ್‌ರೇಯನ್ನು ಮತ್ತೊಮ್ಮೆ ದಿಟ್ಟಿಸಿ ನೋಡಿ ಪಂಜರಗಳನ್ನೇ ಆರಿಸಿದರು. ಆರು ತಿಂಗಳಲ್ಲಿ ಮೂರೂ ಕಡೆ ಮೂಳೆ ಕೂಡಿಕೊಂಡಿತು. ತೋರಿಸಲು ಬಂದ ಅಂಗಯರ್ಕಣ್ಣಿ ಡಾಕ್ಟರ ಕೋಣೆಯಲ್ಲೇ ಎದ್ದು ನಿಂತು ಹಾಡಿದರು. ಹೊರಗೆ ಕಾದಿದ್ದವರೆಲ್ಲ ಬಾಗಿಲಿಗೆ ಬಂದು ನೆರೆದರು. ಮೇಲಿನ ಷಡ್ಜಕ್ಕೆ ಏರಿದ ದನಿ ಎಲ್ಲೂ ನಡುಗಲಿಲ್ಲ, ಅವರ ನಡುವೆ ನಿಂತಿದ್ದ ವೇಲಾಯುಧಂ ತುಂಬಿದ ಕಣ್ಣನ್ನು ಒರೆಸಿಕೊಳ್ಳಲೂ ಇಲ್ಲ.