ಮೊಮ್ಮಗಳ ಪಾತಿ

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಅಂಚೆಯವನಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಅವಳು ತಾರಸಿ ಅಜ್ಜಿ. ಇಪ್ಪತ್ತಾರು ವರ್ಷ ಗಾರ್ಮೆಂಟ್ಸ್‌ನಲ್ಲಿ ಕಾಜಾ ಹೊಲಿದು, ಬೆನ್ನು ಕೈಕೊಟ್ಟ ಮೇಲೆ ನಾಲ್ಕು ಮಹಡಿ ಹತ್ತಿ ತಾರಸಿಗೆ ಮಣ್ಣು ಹೊತ್ತವಳು. ಬೆನ್ನುನೋವಿನವಳಿಗೆ ಇದೆಲ್ಲ ಯಾಕೆ ಎಂದವರಿಗೆ, "ಕೂತೂ ಕೂತೂ ಬಂದ ನೋವು, ಓಡಾಡಿದ್ರೆ ಹೋಗತ್ತೆ" ಎಂದು ಬಾಯಿ ಮುಚ್ಚಿಸಿದ್ದಳು. ಹಣ್ಣಿನ ಕ್ರೇಟುಗಳಲ್ಲಿ ಪಾಲಕ್, ಮೆಂತ್ಯ, ಟೊಮೆಟೊ ಬೆಳೆದು ಇಡೀ ಕಟ್ಟಡಕ್ಕೆ ಕೊಡುತ್ತಿದ್ದಳು. ಲಾರಿ ಮುಷ್ಕರದಲ್ಲಿ ಅಂಗಡಿಗಳೆಲ್ಲ ಖಾಲಿ ಹೊಡೆದ ವಾರವೂ ಅಲ್ಲಿನ ಒಲೆಗಳ ಮೇಲೆ ಸೊಪ್ಪು ಬೇಯುತ್ತಿತ್ತು.

ಕ್ರೇಟುಗಳೆಲ್ಲ ಊರಿಗೆ. ಮೂಲೆಯ ಪಾತಿ ಮಾತ್ರ ಎರಡು ವರ್ಷದ ಮೊಮ್ಮಗಳಿಗೆ. ರಸ್ತೆಯ ಹೊಗೆ ಕೂಸಿನ ಸೊಪ್ಪಿಗೆ ತಾಗಬಾರದೆಂದು, ಕೆಡವಿದ ಹಳೇ ಮನೆಯೊಂದರಿಂದ ತಂದ ನಾಲ್ಕು ಬಾಗಿಲುಗಳನ್ನು ಅದರ ಸುತ್ತ ಗೋಡೆಯಂತೆ ನಿಲ್ಲಿಸಿದ್ದಳು. ಕೂಸಿನ ಬೆರಳಿಗೆ ಸಿಬಿರು ಚುಚ್ಚೀತೆಂದು ಸ್ಯಾಂಡ್ ಪೇಪರ್ ಹಿಡಿದು ಉಜ್ಜಿ ಉಜ್ಜಿ ನುಣ್ಣಗೆ ಮಾಡಿದ್ದಳು. ಉದುರಿದ ಹಸಿರು ಬಣ್ಣದ ಪುಡಿಗೆ ನೀರು ಹಾಕಿ ಮಣ್ಣಿಗೇ ಸೇರಿಸಿದ್ದಳು. ಅಕ್ಕರೆಯ ಭರದಲ್ಲಿ ಆ ಪುಡಿ ಲೆಕ್ಕಕ್ಕೇ ಬರಲಿಲ್ಲ.

ಪಾಲಿಕೆಯಿಂದ ತಾರಸಿ ತೋಟಗಳ ಮಣ್ಣು ಪರೀಕ್ಷೆಗೆ ಬಂದ ಹುಡುಗಿ, ಚೀಲಗಳಿಗೆ ಮಣ್ಣು ತುಂಬಿಕೊಳ್ಳುತ್ತಾ ಆ ಬಾಗಿಲುಗಳ ಮುಂದೆ ನಿಂತುಬಿಟ್ಟಳು.

"ಅಜ್ಜಿ, ಈ ಬಣ್ಣ ಎಷ್ಟು ಹಳೇದು?"

"ನನಗಿಂತ ಹಳೇದಿರ್ಬೇಕು ಕಣಮ್ಮ. ಯಾಕೆ?"

"ಹಳೇ ಬಣ್ಣದಲ್ಲಿ ಸೀಸ ಇರತ್ತೆ. ಚಿಕ್ಕ ಮಕ್ಕಳ ಹೊಟ್ಟೆಗೆ ಹೋದ್ರೆ ಮಿದುಳಿಗೇ ಏಟು. ಶುಕ್ರವಾರ ರಿಪೋರ್ಟ್ ಬರತ್ತೆ, ಅಲ್ಲಿವರೆಗೂ ಇಲ್ಲಿಂದ ಏನೂ ಕೀಳ್ಬೇಡಿ."

ಬೆಳಿಗ್ಗೆಯಷ್ಟೇ ಮಗು ಅದೇ ಪಾತಿಯ ಸೊಪ್ಪನ್ನು ಬಟ್ಟಲು ನೆಕ್ಕಿ ಮುಗಿಸಿತ್ತು. ಮೊದಲ ತುತ್ತು ತಿನ್ನಲು ಕಲಿತಾಗಿನಿಂದಲೂ ಅದಕ್ಕೆ ಅದೇ.

ಸಂಜೆ ಮಗಳು ಕತ್ತರಿ ಹಿಡಿದು ತಾರಸಿಗೆ ಹೊರಟಾಗ ಅಜ್ಜಿ ತಡೆದಳು. "ಬೇಡ ಕಣೆ, ಆ ಸೊಪ್ಪು ಬೇಡ."

"ಯಾಕಮ್ಮ, ಹುಳ ಬಿದ್ದಿದ್ಯಾ?"

ಅಜ್ಜಿ ಎಲ್ಲ ಹೇಳಿದಳು. ಮಗಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಕತ್ತರಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಮಗುವನ್ನು ಎತ್ತಿಕೊಂಡು ಕೋಣೆಗೆ ಹೋದಳು.

ಮಣ್ಣಿನ ರಿಪೋರ್ಟ್ ಬರುವವರೆಗೂ ಸೊಪ್ಪು ತಿನ್ನಬೇಡಿ ಎಂದು ಅಜ್ಜಿ ಕಟ್ಟಡದವರಿಗೂ ಹೇಳಿಬಂದಳು. ಆಮೇಲಿನ ಮೂರು ದಿನ ಅವಳ ಜೀವ ಜೀವದಲ್ಲಿರಲಿಲ್ಲ. ನಿನ್ನೆ 'ಬೆಕ್ಕು' ಅಂದಿದ್ದ ಮಗು ಇವತ್ತು ಯಾಕೆ ಅನ್ನಲಿಲ್ಲ? ಓಡುವಾಗ ಮುಗ್ಗರಿಸಿದರೆ ಜೀವ ಬಾಯಿಗೆ ಬರುತ್ತಿತ್ತು. ಮಕ್ಕಳೆಂದರೆ ಮುಗ್ಗರಿಸುತ್ತವೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಚೆಂಡು ತೋರಿಸಿ "ಇದೇನು ಹೇಳು, ಇದೇನು ಹೇಳು" ಎಂದು ಪೀಡಿಸಿ, ಮಗು ಅತ್ತರೆ ತಾನೂ ಸ್ನಾನದ ಮನೆಗೆ ಹೋಗಿ ಅತ್ತಳು.

ಶುಕ್ರವಾರ ಹುಡುಗಿಯ ಫೋನ್ ಬಂತು.

"ಕ್ರೇಟುಗಳದ್ದೆಲ್ಲ ಚೆನ್ನಾಗಿದೆ ಅಜ್ಜಿ. ಧಾರಾಳವಾಗಿ ತಿನ್ನಬಹುದು." ಆಮೇಲೆ, "ಆ ಮೂಲೇದು ಮಾತ್ರ ತುಂಬಾ ಕೆಟ್ಟಿದೆ. ಮಗೂಗೆ ರಕ್ತ ಪರೀಕ್ಷೆ ಮಾಡಿಸಿಬಿಡಿ" ಎಂದಳು.

ಕ್ರೇಟುಗಳ ಸುದ್ದಿ ಆಗಲೇ ಕೇಳಿದ್ದ ಕೆಳಮಹಡಿಯ ಎಲೆಕ್ಟ್ರಿಷಿಯನ್ ಮೆಟ್ಟಿಲಲ್ಲೇ ಸಿಕ್ಕಿದ. "ನಮ್ ಸೊಪ್ಪು ಪಾಸಂತೆ ಅಜ್ಜಿ. ಸುಮ್ನೆ ಹೆದರಿಸಿಬಿಟ್ರಿ ನೋಡಿ ನಮ್ಮನ್ನ." ಅವನಿಗೆ ಮೂಲೆಯ ಪಾತಿಯ ಸುದ್ದಿ ಗೊತ್ತಿರಲಿಲ್ಲ. ಅಜ್ಜಿ ತಲೆಯಾಡಿಸಿದಳು. ಊರಿಗೆಲ್ಲ ಒಳ್ಳೆಯದನ್ನು ಹಂಚಿ, ಸ್ವಂತ ಕೂಸಿಗೆ ಕೈಯಾರೆ ವಿಷ ತಿನ್ನಿಸಿದ್ದಳು.

ಲ್ಯಾಬಿನಲ್ಲಿ ಅವಳು ಬಾಗಿಲ ಬಳಿಯೇ ನಿಂತಳು. ಮಗುವನ್ನು ಮುಟ್ಟಲೂ ಭಯ. ನರ್ಸ್ ಸೂಜಿ ಕೈಗೆತ್ತಿಕೊಂಡಾಗ ಮಗು ಕಿಟಾರನೆ ಕಿರುಚಿ, ಅಮ್ಮನ ತೊಡೆಯಿಂದ ಜಾರಿ ಎರಡೂ ಕೈಗಳನ್ನು ಅಜ್ಜಿಯತ್ತ ಚಾಚಿತು.

"ಬಾಮ್ಮ," ಎಂದಳು ಮಗಳು, "ನೀನೇ ಬೇಕಂತೆ ಅವಳಿಗೆ."

ಅಜ್ಜಿ ಎತ್ತಿಕೊಂಡಳು. ಸೂಜಿ ಕಾಣದಂತೆ ಮಗುವಿನ ಮುಖವನ್ನು ಎದೆಗೊತ್ತಿ ಹಿಡಿದು, ಅದರ ಪುಟ್ಟ ತೋಳನ್ನು ತಾನೇ ನರ್ಸಿನ ಮುಂದೆ ನೀಡಿದಳು.